ಕುಕ್ಕರಹಳ್ಳಿ ಕೆರೆ ಏರಿಯ ತರಗತಿ

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ತೀರಿಕೊಂಡರು. ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ನಿವೃತ್ತಿಯ ನಂತರ ಹುಟ್ಟೂರಿಗೆ ಮರಳಿ, ಹನ್ನೊಂದು ವರ್ಷ ನಮ್ಮ ನಡುವೆಯೇ ಇದ್ದವರು. ಭಾನುವಾರ ಎರಡನೆಯ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತು, ಮುಗಿದೊಡನೆ ಕೊಡೆ ಬಿಡಿಸಿಕೊಂಡು ಹೊರಟುಬಿಡುತ್ತಿದ್ದರು. ನಾವು ಅವರ ಮನೆಗೆ ಹೋದದ್ದು ವರ್ಷಕ್ಕೆ ಎರಡು ಸಲ: ಒಮ್ಮೆ ಮನೆ ಆಶೀರ್ವಾದಕ್ಕೆ, ಇನ್ನೊಮ್ಮೆ ವಾರ್ಷಿಕ ಹಬ್ಬದ ರಸೀದಿ ಪುಸ್ತಕ ಹಿಡಿದುಕೊಂಡು.

ಅವರ ತಿಂಗಳ ಪೂಜೆ ಕಳೆದ ಮೇಲೆ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಮನೆ ಮುಂದೆ ಗುಜರಿಯವನ ಆಟೋ ನಿಂತಿತ್ತು. ದೂರದ ಊರಿನಲ್ಲಿರುವ ಮಕ್ಕಳಿಗೆ ಮನೆ ಖಾಲಿ ಮಾಡುವ ಅವಸರ. ತಕ್ಕಡಿಯ ಮೇಲೆ ಪುಸ್ತಕಗಳ ಜೊತೆ ಅವರ ಕೈಬರಹದ ನೋಟು ಪುಸ್ತಕಗಳೂ ಇದ್ದವು. ಒಂದನ್ನು ಬಿಡಿಸಿ ನೋಡಿದೆವು. ಪ್ರೌಢಶಾಲೆಯ ಮಕ್ಕಳಿಗೆ ರೇಖಾಗಣಿತವನ್ನು ಸುಲಭವಾಗಿ ತಿಳಿಸುವ ಪಾಠಗಳು, ಚಿತ್ರಗಳ ಸಮೇತ, ಕನ್ನಡದಲ್ಲಿ. ಆ ಹೊತ್ತಿಗೆ ಅದೇ ವಾಳೆಯ ಮೂವರು ಮಕ್ಕಳು ಗಣಿತದ ಟ್ಯೂಷನ್‌ಗೆಂದು ಬಸ್ಸು ಹಿಡಿದು ಪೇಟೆಗೆ ಹೋಗುತ್ತಿದ್ದರು! ಯಾರಿಗಾಗಿ ಬರೆದಿದ್ದರೋ. ನಾವು ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಈ ತಪ್ಪು ಮನಸ್ಸಿನಲ್ಲಿ ಕುಳಿತಿದ್ದುದರಿಂದಲೇ 2024ರ ನವೆಂಬರ್ ತಿಂಗಳಲ್ಲಿ ನಾವು ಮೈಸೂರಿಗೆ ಹೊರಟದ್ದು.

ಗೇಟಿಗೆ ಬೀಗ ಹಾಕಿದ ಮನೆ

ನಮ್ಮಲ್ಲಿ ಇನ್ನೊಬ್ಬ ನಿವೃತ್ತ ಪ್ರಾಧ್ಯಾಪಕರಿದ್ದಾರೆ. ಸಸ್ಯಶಾಸ್ತ್ರದವರು. ಮೈಸೂರಿನಲ್ಲಿ ಓದಿ, ಅಲ್ಲಿಯೇ ಪಾಠ ಮಾಡಿ, ಅರವತ್ತು ದಾಟಿದ ಮೇಲೆ ಕಾಸರಗೋಡಿನ ನಮ್ಮ ಮೂಲೆಗೆ, ಅಪ್ಪನ ಕಾಲದ ಅಡಿಕೆ ತೋಟಕ್ಕೆ ಬಂದವರು. ಹೆಂಡತಿ ಇರುವಷ್ಟು ದಿನ ಮನೆಯಲ್ಲಿ ಮಾತುಕತೆ ಇತ್ತು. ಅವರು ಹೋದ ಮೇಲೆ ಹಗಲಿನಲ್ಲಿಯೂ ಗೇಟಿಗೆ ಬೀಗ. ಮಗ ಕೊಲ್ಲಿಯಲ್ಲಿ, ಮಗಳು ಆಸ್ಟ್ರೇಲಿಯಾದಲ್ಲಿ. ಕೆಲಸದವರ ಜೊತೆ ಎರಡು ಮಾತು, ಫೋನಿನಲ್ಲಿ ನಾಲ್ಕು ಮಾತು, ಅಲ್ಲಿಗೆ ದಿನ ಮುಗಿಯಿತು.

"ಸರ್, ನಿಮ್ಮ ಹಳೆಯ ಸ್ನೇಹಿತರು ಮೈಸೂರಿನಲ್ಲಿ ಇದ್ದಾರಲ್ಲ, ಒಮ್ಮೆ ಹೋಗಿ ಬರುವ" ಎಂದೆವು.

"ಎಂತ ಮಾಡುವುದು ಫಾದರ್ ಅಲ್ಲಿ ಹೋಗಿ? ಅವರು ದಿನಾ ಬೆಳಿಗ್ಗೆ ಕೆರೆ ಸುತ್ತುತ್ತಾರೆ. ನಾನು ಇಲ್ಲಿ ತೋಟ ಸುತ್ತುತ್ತೇನೆ. ಎರಡೂ ಒಂದೇ."

ಒಂದೇ ಅಲ್ಲ ಎಂದು ನಮಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಎರಡು ವಾರ ಬೆನ್ನು ಹತ್ತಿದ ಮೇಲೆ ಒಪ್ಪಿದರು. ಪಾಲನಾ ಪರಿಷತ್ತಿನ ಉಪಾಧ್ಯಕ್ಷರು, ನಿವೃತ್ತ ಶಾಲಾ ಶಿಕ್ಷಕಿಯಾದ ನಮ್ಮ ಗಾಯನ ಮಂಡಳಿಯ ಟೀಚರ್, ಪ್ರೊಫೆಸರರು, ಕಾರು ಓಡಿಸಲು ಯುವ ಸಂಘಟನೆಯ ಒಬ್ಬ ಹುಡುಗ, ಮತ್ತೆ ಧರ್ಮಗುರುಗಳಾದ ನಾವು. ಒಟ್ಟು ಐವರು.

ಘಟ್ಟ ಹತ್ತಿ ಮೈಸೂರಿಗೆ

ಕಾಸರಗೋಡಿನವರಿಗೆ ಮೈಸೂರಿನ ದಾರಿ ಹೊಸದಲ್ಲ. ಚೆರ್ಕಳದಲ್ಲಿ ತಿರುಗಿ ಮುಳ್ಳೇರಿಯ, ಆದೂರು ದಾಟಿ, ಪಂಜಿಕಲ್ಲಿನ ಬಳಿ ರಾಜ್ಯದ ಗಡಿ ಕಳೆದು ಜಾಲ್ಸೂರು, ಸುಳ್ಯ. ಅಲ್ಲಿಂದ ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಕನ್ನಡದಲ್ಲಿ ಹೆಚ್ಚು ಓದಬೇಕೆಂದವರು ಮಂಗಳೂರಿಗೋ ಮೈಸೂರಿಗೋ ಹೋಗುತ್ತಿದ್ದರು. ನಮ್ಮ ಪ್ರೊಫೆಸರರೂ ಒಂದು ತಗಡಿನ ಪೆಟ್ಟಿಗೆ, ಒಂದು ಚೀಲ ಕುಚ್ಚಿಲಕ್ಕಿ ಹೊತ್ತು ಇದೇ ದಾರಿಯಲ್ಲಿ ಬಸ್ಸಿನಲ್ಲಿ ಹೋದವರಂತೆ.

ಜೋಡುಪಾಲದ ಹತ್ತಿರ ಕಾರು ನಿಧಾನವಾಯಿತು. 2018ರ ಆಗಸ್ಟ್ ತಿಂಗಳ ಮಳೆಗೆ ಇಲ್ಲಿ ಗುಡ್ಡ ಜರಿದು ಮನೆಗಳೂ ಜೀವಗಳೂ ಹೋದದ್ದು ಎಲ್ಲರಿಗೂ ನೆನಪಿದೆ. ಅಷ್ಟು ಹೊತ್ತು ಸುಮ್ಮನಿದ್ದ ಪ್ರೊಫೆಸರರು ಕಿಟಕಿಯಿಂದ ಹೊರಗೆ ನೋಡುತ್ತಾ, ಜರಿದ ಮಣ್ಣಿನ ಮೇಲೆ ಮೊದಲು ಯಾವ ಗಿಡ ಬರುತ್ತದೆ, ಅದರ ನೆರಳಿನಲ್ಲಿ ಮುಂದೆ ಯಾವುದು ಏಳುತ್ತದೆ ಎಂದು ಹೇಳತೊಡಗಿದರು. ಕಾರು ಓಡಿಸುವ ಹುಡುಗ ಎರಡು ಪ್ರಶ್ನೆ ಕೇಳಿದ. ಮಡಿಕೇರಿ ಬಂದದ್ದೇ ತಿಳಿಯಲಿಲ್ಲ. ಟೀಚರ್ ನಮ್ಮ ಕಡೆ ತಿರುಗಿ, "ಫಾದರ್, ಇವರು ಇಷ್ಟು ಮಾತಾಡುವುದನ್ನು ನಾನು ನಾಲ್ಕು ವರ್ಷದಲ್ಲಿ ಕೇಳಿಲ್ಲ" ಎಂದು ಮೆಲ್ಲಗೆ ಹೇಳಿದರು.

ಮೈಸೂರಿನಲ್ಲಿ ನಮ್ಮ ಸೆಮಿನರಿ ಸಹಪಾಠಿಯೊಬ್ಬರ ಧರ್ಮಕೇಂದ್ರದಲ್ಲಿ ಉಳಿದುಕೊಂಡೆವು. ಸಂಜೆ ಸಂತ ಫಿಲೋಮಿನಾ ಮಹಾದೇವಾಲಯಕ್ಕೆ ಹೋಗಿ ಬಂದೆವು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಅದರ ಜೋಡಿ ಗೋಪುರಗಳನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ನೋಡಿದ್ದೀರಿ, ಇಲ್ಲಿ ವಿವರಿಸಬೇಕಿಲ್ಲ. ನಾವು ಬಂದದ್ದು ಮರುದಿನದ ಬೆಳಗಿಗಾಗಿ.

ಕೆರೆಯ ಬೆಳಗು

ಹುಣಸೂರು ರಸ್ತೆ ಮತ್ತು ಬೋಗಾದಿ ರಸ್ತೆಗಳ ನಡುವೆ, ಮಾನಸಗಂಗೋತ್ರಿಯ ಮಗ್ಗುಲಲ್ಲಿ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಊರು ಬೆಳೆದು ಸುತ್ತಲೂ ಕಟ್ಟಡಗಳು ಎದ್ದರೂ ಏರಿಯ ಮೇಲೆ ನಿಂತರೆ ಪೇಟೆಯ ನಡುವೆ ಇದ್ದೇವೆ ಎಂದು ಅನ್ನಿಸುವುದಿಲ್ಲ. ನಡುವಿನ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳ ಗದ್ದಲ. ನಾವು ಹೋದಾಗ ಬೆಳಿಗ್ಗೆ ಆರೂವರೆ. ನೀರಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಹೆಜ್ಜಾರ್ಲೆಗಳು ಸಾಲಾಗಿ ತೇಲುತ್ತಿದ್ದವು. ನೀರುಕಾಗೆಯೊಂದು ರೆಕ್ಕೆ ಬಿಡಿಸಿ ಕೊರಡಿನ ಮೇಲೆ ಬಟ್ಟೆ ಒಣಗಿಸುವಂತೆ ಕುಳಿತಿತ್ತು.

ಈ ಏರಿಯ ಮೇಲೆ ಕುವೆಂಪು ನಡೆದಾಡುತ್ತಿದ್ದರು. ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ರೂಪುಗೊಂಡ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರಿಟ್ಟವರೂ ಅವರೇ. ಅದು 1960ರಲ್ಲಿ ಆರಂಭವಾಯಿತು. ವಿಶ್ವವಿದ್ಯಾಲಯ ಹುಟ್ಟಿದ್ದು ಅದಕ್ಕೂ ಮೊದಲು, 1916ರಲ್ಲಿ. ಹೀಗೆ ನೂರು ವರ್ಷಗಳಿಂದ ಮೇಷ್ಟ್ರುಗಳು ಬಂದು, ಕಲಿಸಿ, ನಿವೃತ್ತರಾಗಿ, ಅನೇಕರು ಇಲ್ಲೇ ಮನೆ ಕಟ್ಟಿಕೊಂಡು ಉಳಿದ ಊರು ಇದು. ಸರಸ್ವತಿಪುರ, ಜಯಲಕ್ಷ್ಮಿಪುರ, ಕುವೆಂಪುನಗರಗಳ ಬೀದಿಗಳಲ್ಲಿ ನಡೆದರೆ ಒಂದು ಸಾಲಿನಲ್ಲಿ ಇಬ್ಬರಾದರೂ ನಿವೃತ್ತ ಪ್ರೊಫೆಸರರ ಮನೆ ಸಿಗುತ್ತದೆ.

ಏರಿಯ ತಿರುವಿನ ಒಂದು ಕಲ್ಲುಬೆಂಚಿನ ಹತ್ತಿರ ಏಳೆಂಟು ಮಂದಿ ನಿಂತಿದ್ದರು. ಉಣ್ಣೆ ಟೋಪಿ, ಕ್ಯಾನ್ವಾಸ್ ಬೂಟು, ಒಬ್ಬರ ಕೊರಳಲ್ಲಿ ದುರ್ಬೀನು. ನಮ್ಮ ಪ್ರೊಫೆಸರರನ್ನು ಕಂಡದ್ದೇ ತಡ, "ಏನಯ್ಯಾ, ಕೇರಳದವನೇ! ಇನ್ನೂ ಇದ್ದೀಯಾ?" ಎಂದು ಒಬ್ಬರು ಕೂಗಿದರು. ಎಪ್ಪತ್ತೈದು ವರ್ಷದ ನಮ್ಮ ಪ್ರೊಫೆಸರರು ಹುಡುಗನಂತೆ ನಾಚಿಕೊಂಡದ್ದನ್ನು ನಾವು ಅಂದೇ ಮೊದಲು ನೋಡಿದ್ದು.

ಬೆಂಚಿನ ಕಟ್ಟುಪಾಡುಗಳು

ಅದೊಂದು ಸಂಘ ಎಂದರೂ ಸರಿ, ಅಲ್ಲ ಎಂದರೂ ಸರಿ. ಹೆಸರಿಲ್ಲ, ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ. "ಅಧ್ಯಕ್ಷರನ್ನು ಮಾಡಿದರೆ ಎರಡು ಸಂಘ ಆಗುತ್ತವೆ ಸ್ವಾಮಿ, ನಾವು ವಿಶ್ವವಿದ್ಯಾಲಯದವರು" ಎಂದು ಭೌತಶಾಸ್ತ್ರದವರೊಬ್ಬರು ನಕ್ಕರು. ಆದರೆ ಕಟ್ಟುಪಾಡುಗಳಿವೆ.

ಮೊದಲನೆಯದು: ಕೆರೆಗೆ ಒಂದು ಸುತ್ತು ಮುಗಿಯುವವರೆಗೆ ರಕ್ತದೊತ್ತಡ, ಸಕ್ಕರೆ, ಮಕ್ಕಳ ಸಂಬಳ, ರಾಜಕೀಯ ಈ ನಾಲ್ಕನ್ನು ಎತ್ತಬಾರದು. ಎರಡನೆಯದು: ಬರಲಾಗದಿದ್ದರೆ ಆರು ಗಂಟೆಯೊಳಗೆ ಫೋನು ಮಾಡಬೇಕು. ಫೋನೂ ಇಲ್ಲ, ಮನುಷ್ಯನೂ ಇಲ್ಲವೆಂದರೆ ಇಬ್ಬರು ನೇರವಾಗಿ ಅವರ ಮನೆಗೆ ಹೋಗುತ್ತಾರೆ. ಒಂಟಿಯಾಗಿ ವಾಸಿಸುವ ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದು, ಏಳಲಾಗದೆ ಮಲಗಿದ್ದಾಗ ಬಾಗಿಲು ಒಡೆಸಿದ್ದು ಈ ಕಟ್ಟುಪಾಡಿನ ದೆಸೆಯಿಂದಲೇ. ಆ ವ್ಯಕ್ತಿ ಅಂದು ನಮ್ಮ ಮುಂದೆಯೇ ಕೋಲೂರಿಕೊಂಡು ನಡೆಯುತ್ತಿದ್ದರು.

ಮೂರನೆಯ ಕಟ್ಟುಪಾಡು ನಮಗೆ ಬಹಳ ಹಿಡಿಸಿತು. ಸುತ್ತು ಮುಗಿಸಿ ಬೆಂಚಿಗೆ ಬಂದ ಮೇಲೆ ದಿನಕ್ಕೊಬ್ಬರು ಹದಿನೈದು ನಿಮಿಷ ಮಾತಾಡಬೇಕು. ಆದರೆ ತಾವು ಜೀವಮಾನವಿಡೀ ಕಲಿಸಿದ ವಿಷಯದ ಮೇಲೆ ಅಲ್ಲ! ಅರ್ಥಶಾಸ್ತ್ರದವರು ಹಕ್ಕಿಗಳ ಬಗ್ಗೆ, ರಸಾಯನಶಾಸ್ತ್ರದವರು ಗಮಕದ ಬಗ್ಗೆ, ಇತಿಹಾಸದವರು ಸೂರ್ಯಗ್ರಹಣದ ಬಗ್ಗೆ. ಯಾಕೆ ಹೀಗೆ ಎಂದು ಕೇಳಿದೆವು. "ಗೊತ್ತಿರುವುದನ್ನು ಮೂವತ್ತು ವರ್ಷ ಹೇಳಿದ್ದಾಯಿತು ಫಾದರ್. ಅದನ್ನೇ ಹೇಳುತ್ತಿದ್ದರೆ ಕೇಳುವವರು ಆಕಳಿಸುತ್ತಾರೆ, ಹೇಳುವವನು ಮುದುಕನಾಗುತ್ತಾನೆ. ಗೊತ್ತಿಲ್ಲದ್ದನ್ನು ಹೇಳಬೇಕಾದರೆ ಮೊದಲು ಓದಬೇಕು, ಇನ್ನೊಬ್ಬರ ಹತ್ತಿರ ಹೋಗಿ ಕೇಳಬೇಕು" ಎಂದರು ಅವರು. ಯಾರ ಹತ್ತಿರ ಕೇಳುತ್ತಾರೆ? ಅದೇ ಗುಂಪಿನಲ್ಲಿರುವ ಆ ವಿಷಯದ ಪ್ರಾಧ್ಯಾಪಕರ ಹತ್ತಿರ. ಹೀಗೆ ಎಲ್ಲರೂ ಗುರುಗಳು, ಎಲ್ಲರೂ ವಿದ್ಯಾರ್ಥಿಗಳು.

ಚಳಿಗಾಲದಲ್ಲಿ ಒಂದು ದಿನ ವ್ಯಾನು ಮಾಡಿಕೊಂಡು ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಹೋಗುತ್ತಾರೆ. ಮಂಗೋಲಿಯಾದ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುವುದಕ್ಕೆ. "ಅಷ್ಟು ದೂರದಿಂದ ಹಕ್ಕಿ ಬರುತ್ತದೆ. ಇಲ್ಲಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ನಾವು ಹೋಗದಿದ್ದರೆ ಹೇಗೆ?" ಎಂದು ದುರ್ಬೀನಿನವರು ಕೇಳಿದರು.

ನಮ್ಮ ಟೀಚರ್‌ಗೆ ಒಂದು ಆಕ್ಷೇಪವಿತ್ತು. "ಇಲ್ಲಿ ಹೆಂಗಸರು ಯಾರೂ ಇಲ್ಲವಲ್ಲ?" ಎಂದು ನೇರವಾಗಿಯೇ ಕೇಳಿದರು. ಗುಂಪು ಸ್ವಲ್ಪ ಇರಿಸುಮುರಿಸುಗೊಂಡಿತು. ನಂತರ ತಿಳಿಯಿತು: ನಿವೃತ್ತ ಪ್ರಾಧ್ಯಾಪಕಿಯರು ಬೆಳಗಿನ ಹೊತ್ತು ಮನೆಯ ಕೆಲಸ, ಮೊಮ್ಮಕ್ಕಳ ಶಾಲೆ ಎಂದು ಬಿಡುವಾಗುವುದಿಲ್ಲ. ಅವರದು ಶನಿವಾರ ಮಧ್ಯಾಹ್ನದ ಓದು. ಇಂಗ್ಲಿಷ್ ಕಲಿಸುತ್ತಿದ್ದ ಒಬ್ಬ ಅಮ್ಮನವರ ಮನೆಯ ಹಜಾರದಲ್ಲಿ ಸೇರುತ್ತಾರೆ. ಟೀಚರ್ ಆ ದಿನ ಮಧ್ಯಾಹ್ನವೇ ಅಲ್ಲಿಗೆ ಹೋದರು. ಅವರು ಓದುತ್ತಿದ್ದದ್ದು 'ವಡ್ಡಾರಾಧನೆ'. ಸಾವಿರ ವರ್ಷದ ಹಿಂದಿನ ಗದ್ಯವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಕನ್ನಡ ಅಧ್ಯಾಪಕಿಯಾಗಿದ್ದವರು ಕಷ್ಟದ ಶಬ್ದಗಳನ್ನು ಬಿಡಿಸುವುದು, ಉಳಿದವರು ಅಡ್ಡ ಪ್ರಶ್ನೆ ಹಾಕುವುದು. ಕೊನೆಗೆ ಉಪ್ಪಿಟ್ಟು, ಕಾಫಿ. ಗಂಗೋತ್ರಿಯ ಹಾಸ್ಟೆಲಿನಲ್ಲಿ ಓದುವ ಹಳ್ಳಿಯ ಹುಡುಗಿಯರು ಮೂವರು ಬಂದಿದ್ದರಂತೆ. ಅವರಿಗೆ ಇಂಗ್ಲಿಷ್ ತಿದ್ದಿಕೊಡುವುದೂ ಅಲ್ಲೇ ನಡೆಯುತ್ತದೆ. ಟೀಚರ್ ಮರಳಿ ಬಂದಾಗ ಮುಖದ ಕಳೆಯೇ ಬೇರೆಯಾಗಿತ್ತು.

ನಿವೃತ್ತಿಯ ನಂತರದ ಕೆಲಸ

ಈ ಊರಿನಲ್ಲಿ ಇದು ಇಂದು ನಿನ್ನೆಯ ರೂಢಿಯಲ್ಲ. ಬೆಂಚಿನ ಮೇಲೆ ಕುಳಿತು ಅವರು ಹೇಳಿದ ಕೆಲವು ಹೆಸರುಗಳನ್ನು ಇಲ್ಲಿ ಕೊಡುತ್ತೇವೆ.

ಎಂ. ಹಿರಿಯಣ್ಣನವರು ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದು 1927ರಲ್ಲಿ ನಿವೃತ್ತರಾದರು. ಅನೇಕ ವರ್ಷ ತರಗತಿಯಲ್ಲಿ ಮಾಡಿದ ಪಾಠಗಳನ್ನು ಆ ಬಳಿಕ ತಿದ್ದಿ ಒಪ್ಪ ಮಾಡಿ, ಭಾರತೀಯ ತತ್ತ್ವಶಾಸ್ತ್ರದ ರೂಪರೇಷೆಗಳನ್ನು ಕುರಿತ ಇಂಗ್ಲಿಷ್ ಗ್ರಂಥವಾಗಿ 1932ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಓದಲ್ಪಡುತ್ತಿದೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ನಾವೂ ಆ ಪುಸ್ತಕವನ್ನು ಗ್ರಂಥಾಲಯದಿಂದ ತಂದು ಟಿಪ್ಪಣಿ ಮಾಡಿಕೊಂಡವರೇ. ಅದು ನಿವೃತ್ತಿಯ ನಂತರದ ಪುಸ್ತಕ ಎಂದು ಅಂದು ನಮಗೆ ಹೊಳೆದಿರಲಿಲ್ಲ.

ಸಿ.ಡಿ. ನರಸಿಂಹಯ್ಯನವರು (1921–2005) ಕೇಂಬ್ರಿಜ್‌ನಲ್ಲಿ ಓದಿ ಬಂದು ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದವರು, ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಸೇವೆಯ ಕೊನೆಗೆ, 1979ರಲ್ಲಿ, 'ಧ್ವನ್ಯಾಲೋಕ' ಎಂಬ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಮರಗಳ ನಡುವೆ ಗ್ರಂಥಾಲಯ, ಬಂದವರು ಉಳಿಯಲು ಕೋಣೆಗಳು, ಬಯಲು ರಂಗಮಂದಿರ. ದೇಶ ವಿದೇಶಗಳ ಬರಹಗಾರರು ಅಲ್ಲಿ ಬಂದು ಮಾತಾಡಿದರು.

ಜಿ. ವೆಂಕಟಸುಬ್ಬಯ್ಯನವರು ಮಹಾರಾಜ ಕಾಲೇಜಿನ ವಿದ್ಯಾರ್ಥಿ. ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಕಲಿಸಿ 1973ರಲ್ಲಿ ನಿವೃತ್ತರಾದರು. ಕನ್ನಡಿಗರಿಗೆಲ್ಲ ಅವರು ಪರಿಚಿತರಾದದ್ದು ಅದಾದ ಮೇಲೆಯೇ. ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣ ಆರಂಭವಾದದ್ದು 1991ರಲ್ಲಿ. 2021ರಲ್ಲಿ ನೂರೇಳನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವರು ಪದಗಳ ಬೆನ್ನು ಬಿಡಲಿಲ್ಲ. ನಿವೃತ್ತಿಯ ನಂತರ ನಲವತ್ತೆಂಟು ವರ್ಷ! ಸೇವೆಯ ಅವಧಿಗಿಂತ ದೊಡ್ಡದು. ಮೈಸೂರಿನ ಕುಲಪತಿಯಾಗಿದ್ದ ದೇ. ಜವರೇಗೌಡರು ತೊಂಬತ್ತರ ಆಸುಪಾಸಿನಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಗಬೇಕೆಂದು ಉಪವಾಸ ಕುಳಿತರು; 2008ರಲ್ಲಿ ಆ ಸ್ಥಾನ ಬಂತು.

ಅದನ್ನು ಕೇಳಿದಾಗ ನಮ್ಮ ಉಪಾಧ್ಯಕ್ಷರು, "ನಮ್ಮ ಊರಿನಲ್ಲಿ ಕಯ್ಯಾರರು ಇರಲಿಲ್ಲವಾ?" ಎಂದರು. ನಿಜ. ಕಯ್ಯಾರ ಕಿಞ್ಞಣ್ಣ ರೈಗಳು ವಿಶ್ವವಿದ್ಯಾಲಯದವರಲ್ಲ, ಶಾಲೆಯ ಮಾಷ್ಟ್ರು. ನಿವೃತ್ತಿಯ ನಂತರ ಪೆರಡಾಲದ ಮನೆಯಲ್ಲಿ ಕೃಷಿ, ಬರವಣಿಗೆ, ಗಡಿಯ ಕನ್ನಡಿಗರ ಹೋರಾಟ ಎಲ್ಲವನ್ನೂ ನಡೆಸಿದರು. 2015ರಲ್ಲಿ ನೂರು ವರ್ಷ ತುಂಬಿಸಿಯೇ ಹೋದರು. ಮೈಸೂರಿನವರ ಮುಂದೆ ನಾವೂ ಒಂದು ಹೆಸರು ಹೇಳಿದ ಹಾಗಾಯಿತು.

ಆದರೆ ಇವರೆಲ್ಲ ದೊಡ್ಡವರು. ದೊಡ್ಡ ಪುಸ್ತಕ ಬರೆಯದ, ಸಂಸ್ಥೆ ಕಟ್ಟದ ಸಾಮಾನ್ಯ ಅಧ್ಯಾಪಕನ ಗತಿ ಏನು? ಈ ಪ್ರಶ್ನೆಗೆ ಅರ್ಥಶಾಸ್ತ್ರದವರು ಫ್ರಾನ್ಸಿನ ಕಥೆ ಹೇಳಿದರು. ತುಲೂಸ್ ನಗರದಲ್ಲಿ 1973ರಲ್ಲಿ ಪಿಯರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ವಯಸ್ಸಾದವರಿಗಾಗಿ 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ಆರಂಭಿಸಿದರು. ಬಾಲ್ಯ ಒಂದು ವಯಸ್ಸು, ದುಡಿಮೆ ಇನ್ನೊಂದು, ಆಮೇಲಿನದು ಮೂರನೆಯದು. ಅಲ್ಲಿ ಕಲಿಸುತ್ತಿದ್ದವರು ವಿಶ್ವವಿದ್ಯಾಲಯದ ಅಧ್ಯಾಪಕರು. ಈ ವಿಚಾರ 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್‌ನ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಅವರ ಜೊತೆಗಾರರು ಅದನ್ನು ಬದಲಾಯಿಸಿದರು. ಸಂಬಳದ ಅಧ್ಯಾಪಕರು ಬೇಡ, ಪರೀಕ್ಷೆ ಬೇಡ, ಪ್ರಮಾಣಪತ್ರ ಬೇಡ. ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡಲಿ, ಮರುದಿನ ಅವರೇ ಇನ್ನೊಬ್ಬರಿಂದ ಕಲಿಯಲಿ. ಕೈತೋಟದವನು ಕೈತೋಟ ಕಲಿಸಲಿ, ಪ್ರೊಫೆಸರನು ಲ್ಯಾಟಿನ್ ಕಲಿಸಲಿ. ಅಲ್ಲಿಂದ ಇದು ಬೇರೆ ಬೇರೆ ದೇಶಗಳಿಗೆ ಹರಡಿತು. "ನಮಗೆ ಆ ಹೆಸರು ಬೇಡ ಸ್ವಾಮಿ, ಬೆಂಚು ಸಾಕು" ಎಂದು ಅವರು ಮಾತು ಮುಗಿಸಿದರು.

"ಈ ಕೆರೆ ಯಾರು ಕಟ್ಟಿಸಿದ್ದು?"

ಆ ಬೆಳಗಿನ ಒಂದು ಸಂಗತಿಯನ್ನು ಹೇಳದೆ ಈ ಲೇಖನ ಮುಗಿಯುವುದಿಲ್ಲ.

ಗುಂಪಿನ ನಡುವೆ ಎತ್ತರದ ನಿಲುವಿನ ಒಬ್ಬರಿದ್ದರು. ಇಬ್ಬರು ಅವರ ಎಡ ಬಲ ನಡೆಯುತ್ತಿದ್ದರು. ಇತಿಹಾಸ ವಿಭಾಗದಲ್ಲಿದ್ದವರಂತೆ. ಸ್ವಲ್ಪ ದೂರ ನಡೆದ ಮೇಲೆ ಅವರು ನಿಂತು, "ಈ ಕೆರೆ ಯಾರು ಕಟ್ಟಿಸಿದ್ದು?" ಎಂದು ಕೇಳಿದರು. ಬಲಗಡೆಯವರು, "ಮುಮ್ಮಡಿ ಕೃಷ್ಣರಾಜ ಒಡೆಯರು, 1864" ಎಂದರು. "ಹೌದು, ಸರಿ" ಎಂದು ಅವರು ನಡೆದರು. ನೂರು ಹೆಜ್ಜೆ ಹೋದ ಮೇಲೆ ಮತ್ತೆ, "ಈ ಕೆರೆ ಯಾರು ಕಟ್ಟಿಸಿದ್ದು?" ಎಡಗಡೆಯವರು ಅದೇ ದನಿಯಲ್ಲಿ, ಮೊದಲ ಸಲ ಕೇಳಿದವರ ಹಾಗೆ, "ಮುಮ್ಮಡಿ ಕೃಷ್ಣರಾಜ ಒಡೆಯರು, 1864." ಒಂದು ಸುತ್ತಿನಲ್ಲಿ ನಾವೇ ಒಂಬತ್ತು ಸಲ ಕೇಳಿದೆವು. ಯಾರೂ ಒಮ್ಮೆಯೂ "ಆಗಲೇ ಹೇಳಿದೆವಲ್ಲ" ಎನ್ನಲಿಲ್ಲ. ಯಾರೂ ನಗಲಿಲ್ಲ.

ಮರೆವಿನ ಕಾಯಿಲೆ. ನಾಲ್ಕು ವರ್ಷಗಳಿಂದ ಹೀಗೆ. ಮೊದಲು ಈ ಬೆಂಚಿಗೆ ಎಲ್ಲರನ್ನೂ ಕೂಡಿಸಿದವರೇ ಅವರು. ಕೆರೆಯ ಇಸವಿಯನ್ನು ಇವರಿಗೆಲ್ಲ ಹೇಳಿಕೊಟ್ಟವರೂ ಅವರೇ. ಬೆಳಿಗ್ಗೆ ಅವರ ಹೆಂಡತಿ ಗೇಟಿನವರೆಗೆ ಕರೆತಂದು ಒಪ್ಪಿಸುತ್ತಾರೆ, ಎಂಟಕ್ಕೆ ಮರಳಿ ಕರೆದೊಯ್ಯುತ್ತಾರೆ. "ದಿನದಲ್ಲಿ ಈ ಒಂದೂವರೆ ಗಂಟೆ ನನ್ನದು" ಎಂದು ಆ ತಾಯಿ ಟೀಚರ ಹತ್ತಿರ ಹೇಳಿದರಂತೆ.

ನಮ್ಮ ಪ್ರೊಫೆಸರರು ಅವರ ಎದುರಿಗೆ ಹೋಗಿ ನಿಂತರು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರಂತೆ, ಒಂದೇ ಬಾಡಿಗೆ ಕೋಣೆಯಲ್ಲಿದ್ದವರಂತೆ. ಅವರಿಗೆ ಗುರುತು ಸಿಗಲಿಲ್ಲ. ಆದರೆ ಚಾಚಿದ ಕೈಯನ್ನು ಹಿಡಿದುಕೊಂಡರು, ಬಿಡಲಿಲ್ಲ. ಉಳಿದ ಅರ್ಧ ಸುತ್ತನ್ನು ಹಾಗೇ ಕೈ ಹಿಡಿದೇ ನಡೆದರು. ಪ್ರಶ್ನೆ ಬಂದಾಗಲೆಲ್ಲ ನಮ್ಮ ಪ್ರೊಫೆಸರರು ಉತ್ತರ ಹೇಳಿದರು.

ರೋಗಿಗಳನ್ನು ಕಾಣಲು ನಾವು ತಿಂಗಳಿಗೊಮ್ಮೆ ಮನೆ ಮನೆಗೆ ಪರಮಪ್ರಸಾದ ಒಯ್ಯುತ್ತೇವೆ. ಹತ್ತು ನಿಮಿಷ ಕೂರುತ್ತೇವೆ. ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದರೆ ಗಡಿಯಾರ ನೋಡಿಕೊಂಡದ್ದೂ ಉಂಟು. ಏರಿಯ ಮೇಲೆ ಅದು ನೆನಪಾಗಿ ನಾಚಿಕೆಯಾಯಿತು.

ಮರಳಿ ಊರಿಗೆ

ಮರಳುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಕುಶಾಲನಗರ ದಾಟಿತು, ಮಡಿಕೇರಿಯಲ್ಲಿ ಚಹಾ ಕುಡಿದೆವು. ಸಂಪಾಜೆಯ ಇಳಿಜಾರಿನಲ್ಲಿ ಪ್ರೊಫೆಸರರು ಮೆಲ್ಲಗೆ, "ಫಾದರ್, ಶನಿವಾರ ಸಂಜೆ ನಮ್ಮ ಧರ್ಮೋಪದೇಶದ ಕೋಣೆ ಖಾಲಿ ಇರುತ್ತದಾ?" ಎಂದು ಕೇಳಿದರು. ಇರುತ್ತದೆ ಎಂದೆವು. ಮತ್ತೆ ಸುಳ್ಯದವರೆಗೆ ಮಾತಿಲ್ಲ.

2025ರ ಜನವರಿಯ ಮೊದಲ ಶನಿವಾರ ಆರಂಭವಾಯಿತು. ಪೂಜೆಯ ಕೊನೆಗೆ ಪ್ರಕಟಣೆ ಓದಿದ್ದೆವು, ಗುರಿಕಾರರ ಮೂಲಕ ವಾಳೆ ವಾಳೆಗೆ ತಿಳಿಸಿದ್ದೆವು. ಬಂದವರು ಆರು ಮಂದಿ. ಎರಡನೆಯ ವಾರ ಮೂವರು. ಮೂರನೆಯ ವಾರ ಪ್ರೊಫೆಸರರು, ಟೀಚರ್ ಮತ್ತು ನಾವು. ಮೈಸೂರಿನ ಬೆಂಚು ಕಾಸರಗೋಡಿಗೆ ಬರುವುದಿಲ್ಲ ಎಂದುಕೊಂಡೆವು. ಆಗ ಟೀಚರೇ ಒಂದು ಉಪಾಯ ಹೇಳಿದರು: "ಇಲ್ಲಿ ಪ್ರೊಫೆಸರರು ಎಷ್ಟು ಮಂದಿ ಇದ್ದಾರೆ ಫಾದರ್? ಒಬ್ಬರು. ಹಾಗಾದರೆ ಗೊತ್ತಿರುವವರನ್ನೆಲ್ಲ ಕರೆಯುವ."

ಹಾಗೆ ಬಂದವರು ನಮ್ಮ ಬಾಯಾರು ಕಡೆಯಿಂದ ಬಂದು ನೆಲೆಸಿದ ಒಬ್ಬ ಹಿರಿಯರು. ಶಾಲೆಯ ಮೆಟ್ಟಿಲು ನಾಲ್ಕೇ ಹತ್ತಿದವರು. ಆದರೆ ಸುರಂಗ ಕೊರೆಯುವುದರಲ್ಲಿ ಅವರದು ಎತ್ತಿದ ಕೈ. ಗುಡ್ಡದ ಮೈಗೆ ಅಡ್ಡವಾಗಿ ಕೊರೆದು ನೀರು ಹರಿಸುವ ನಮ್ಮ ಕಾಸರಗೋಡಿನ ಸುರಂಗಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಯಾವ ಮರ ಇದ್ದಲ್ಲಿ ನೀರು ಉಂಟು, ಮಣ್ಣಿನ ಬಣ್ಣ ಬದಲಾದರೆ ಏನರ್ಥ, ಒಳಗೆ ಉಸಿರು ಕಟ್ಟಿದರೆ ದೀಪ ಏನು ಹೇಳುತ್ತದೆ ಎಂದು ಅವರು ಒಂದು ಗಂಟೆ ಹೇಳಿದರು. ಪ್ರೊಫೆಸರರು ಮುಂದಿನ ಬೆಂಚಿನಲ್ಲಿ ಕುಳಿತು ನೋಟು ಬರೆದುಕೊಂಡರು! ಅಂದು ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು.

ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಪ್ರೊಫೆಸರರು ಮಕ್ಕಳನ್ನು ಇಗರ್ಜಿಯ ಹಿಂದಿನ ಮುರಕಲ್ಲಿನ ಪಾದೆಗೆ ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಬೆಂದ ಹೆಂಚಿನಂತಿರುವ ಆ ಪಾದೆ ಮಳೆಗೆ ನೀಲಿಯಾಗಿತ್ತು. ಮಲೆಯಾಳದಲ್ಲಿ ಕಾಕ್ಕಪ್ಪೂವು ಎನ್ನುವ, ಓಣಂ ಹೂವಿನ ರಂಗೋಲಿಗೆ ಮಕ್ಕಳು ಕೊಯ್ದು ತರುವ ಅದೇ ಪುಟ್ಟ ಹೂ. ಅದು ಕೀಟಾಹಾರಿ ಗಿಡ, ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ, ನೀರಿನ ಸೂಕ್ಷ್ಮ ಜೀವಿಗಳನ್ನು ಎಳೆದುಕೊಂಡು ನುಂಗುತ್ತದೆ ಎಂದು ಭೂತಗನ್ನಡಿ ಹಿಡಿದು ತೋರಿಸಿದಾಗ ಮಕ್ಕಳು ಮೊಣಕಾಲೂರಿ ಕುಳಿತುಬಿಟ್ಟರು. ಈ ಗುಡ್ಡವನ್ನು ಅವರು ಹುಟ್ಟಿದಂದಿನಿಂದ ನೋಡಿದ್ದರು.

ಪ್ರೊಫೆಸರರ ಗೇಟಿಗೆ ಈಗಲೂ ಬೀಗ ಇರುತ್ತದೆ, ರಾತ್ರಿ ಹೊತ್ತು. ದುಃಖ ಹೋಗಿಲ್ಲ, ಹೆಂಡತಿಯ ವರ್ಷಾಂತಿಕದ ವಾರ ಅವರು ಯಾರನ್ನೂ ಕಾಣುವುದಿಲ್ಲ. ಆದರೆ ಆರು ಗಂಟೆಯ ಫೋನಿನ ಕಟ್ಟುಪಾಡು ನಮ್ಮಲ್ಲಿಯೂ ಜಾರಿಯಲ್ಲಿದೆ. ಒಂಟಿಯಾಗಿರುವ ಒಂಬತ್ತು ಮಂದಿ ಹಿರಿಯರು ಒಬ್ಬರಿಗೊಬ್ಬರು ಬೆಳಿಗ್ಗೆ ಫೋನು ಮಾಡುತ್ತಾರೆ. ಪಟ್ಟಿ ಟೀಚರ್ ಕೈಯಲ್ಲಿದೆ.

ಗುಜರಿಯವನ ತಕ್ಕಡಿಯಿಂದ ಅಂದು ನಾವು ಎತ್ತಿಕೊಂಡ ಆ ಒ೦ದು ರೇಖಾಗಣಿತದ ನೋಟು ಪುಸ್ತಕ ಧರ್ಮೋಪದೇಶದ ಕೋಣೆಯ ಕಪಾಟಿನಲ್ಲಿದೆ. ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಅದನ್ನು ನೋಡಿಯೇ ಅಭ್ಯಾಸ ಮಾಡುತ್ತಿದ್ದಾರೆ. ಉಳಿದವು ಹೋದವು, ಅದಕ್ಕೆ ಈಗ ಮಾಡುವಂಥದ್ದು ಏನೂ ಇಲ್ಲ.

ಪ್ರಿಯ ಕುಟುಂಬಗಳೇ, ನಿಮ್ಮ ವಾಳೆಯಲ್ಲಿ ಕಲಿಸಿ ನಿವೃತ್ತರಾದವರು ಯಾರಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ರಸೀದಿ ಪುಸ್ತಕ ಮನೆಯಲ್ಲಿಟ್ಟು, ಕೈಯಲ್ಲಿ ಒಂದು ಪ್ರಶ್ನೆ ಹಿಡಿದು ಅವರ ಮನೆಗೆ ಹೋಗಿ. ನಮ್ಮಲ್ಲಿ ಶನಿವಾರ ಸಂಜೆ ನಾಲ್ಕು ಗಂಟೆಗೆ ಸೇರುತ್ತೇವೆ. ಬರುವವರು ಹಿತ್ತಿಲಿನ ಒಂದು ಎಲೆ ತರಬೇಕೆಂದು ಪ್ರೊಫೆಸರರ ಅಪ್ಪಣೆ. ಹೆಸರು ಗೊತ್ತಿಲ್ಲದ ಗಿಡದ್ದಾದರೆ ಇನ್ನೂ ಒಳ್ಳೆಯದು.